ಯಾವುದಕ್ಕೆ ಗಟ್ಟಿ? ಬಳ್ಳಿ ಗುಲಾಬಿಯ ಚರಿತ್ರೆ

ನಮ್ಮ ಹೊಸೂರು ಸುತ್ತಿನ ನರ್ಸರಿಗಳಲ್ಲಿ ಗುಲಾಬಿ ಗಿಡಕ್ಕೆ ಕಟ್ಟಿರುವ ಚೀಟಿಗಳನ್ನು ಓದುವುದು ನಮಗೊಂದು ಚಟ. ಮೊನ್ನೆ ಒಂದು ಚೀಟಿಯಲ್ಲಿ 'ಹಾರ್ಡಿ ಕ್ಲೈಂಬರ್' ಎಂದಿತ್ತು. ಜೊತೆಗೆ ಬಂದಿದ್ದ ಏಳನೇ ತರಗತಿಯ ಹುಡುಗಿ, "ಹಾರ್ಡಿ ಅಂದ್ರೆ ಏನ್ ಸಾರ್?" ಎಂದು ಕೇಳಿದಳು. ಗಟ್ಟಿ ಗಿಡ ಕಣಮ್ಮಾ, ಬೇಗ ಸಾಯುವುದಿಲ್ಲ ಎಂದೆವು. "ಯಾವುದಕ್ಕೆ ಸಾಯಲ್ಲ ಸಾರ್? ಬಿಸಿಲಿಗಾ?" ಎಂದಳು. ಪ್ರಶ್ನೆ ಎಂದರೆ ಇದು. ಶಾಲೆಯ ಗೇಟಿನ ಕಮಾನಿಗೆ ಒಂದು ಬಳ್ಳಿ ಗುಲಾಬಿ ಹಬ್ಬಿಸಬೇಕೆಂದು ಪರಿಸರ ಸಂಘದ ಮಕ್ಕಳು ಹಟ ಹಿಡಿದಿರುವುದರಿಂದ, ಈ ಬಾರಿ ಅದರ ಚರಿತ್ರೆಯನ್ನೇ ಬರೆಯೋಣ ಎನಿಸಿತು. ಏಕೆಂದರೆ ಉತ್ತರ ಇರುವುದು ತೋಟಗಾರಿಕೆಯ ಪುಸ್ತಕದಲ್ಲಲ್ಲ, ಚರಿತ್ರೆಯಲ್ಲಿ.

ಮೊದಲು ಒಂದು ಮಾತು. ಬಳ್ಳಿ ಗುಲಾಬಿ ನಿಜಕ್ಕೂ ಬಳ್ಳಿಯಲ್ಲ. ಅವರೆಯಂತೆ ಸುತ್ತಿಕೊಳ್ಳುವುದಿಲ್ಲ, ಹಾಗಲದಂತೆ ಕುಡಿ ಚಾಚಿ ಹಿಡಿಯುವುದಿಲ್ಲ, ವೀಳ್ಯದೆಲೆಯಂತೆ ಬೇರಿನಿಂದ ಅಂಟಿಕೊಳ್ಳುವುದೂ ಇಲ್ಲ. ಉದ್ದನೆಯ ರೆಂಬೆಯನ್ನು ಪಕ್ಕದ ಮರದೊಳಕ್ಕೆ ನುಗ್ಗಿಸಿ, ಕೆಳಮುಖವಾಗಿ ಬಾಗಿದ ಮುಳ್ಳನ್ನು ಕೊಕ್ಕೆಯಂತೆ ಸಿಕ್ಕಿಸಿಕೊಂಡು ಮೇಲೇರುತ್ತದೆ. ಆ ಮುಳ್ಳು ಕೂಡ ನಿಂಬೆ ಗಿಡದ ಮುಳ್ಳಿನ ಜಾತಿಯದಲ್ಲ. ನಿಂಬೆಯ ಮುಳ್ಳು ಕಾಂಡದ ಒಳಗಿನಿಂದ ಹುಟ್ಟಿದ್ದು, ಗುಲಾಬಿಯದು ಬರೀ ತೊಗಟೆಯ ಮೇಲಿನದು. ಹೆಬ್ಬೆರಳಿನಿಂದ ಪಕ್ಕಕ್ಕೆ ಒತ್ತಿದರೆ ಪಟ್ಟನೆ ಕಿತ್ತು ಬರುತ್ತದೆ. ಮಕ್ಕಳಿಗೆ ಮಾಡಿ ತೋರಿಸಬಹುದು, ಖರ್ಚಿಲ್ಲದ ಪ್ರಯೋಗ. ಒಟ್ಟಿನಲ್ಲಿ ಕಮಾನಿಗೆ ಹಬ್ಬಬೇಕಾದರೆ ನಾವೇ ದಾರ ಹಾಕಿ ಕಟ್ಟಬೇಕು.

ಈಗ ಹೆಸರಿಗೆ ಬರೋಣ. ಗುಲಾಬಿ ಎಂಬ ಮಾತು ಫಾರಸಿಯ ಗುಲ್ (ಹೂ) ಮತ್ತು ಆಬ್ (ನೀರು) ಸೇರಿ ಆದದ್ದು. ಎಂದರೆ ಮೊದಲು ನಮ್ಮಲ್ಲಿಗೆ ಬಂದದ್ದು ಹೂವಿನ ಹೆಸರಲ್ಲ, ಪನ್ನೀರಿನ ಹೆಸರು! ನಮ್ಮ ಮಕ್ಕಳು ಮನೆಯಲ್ಲಿ ಗುಲಾಬಿ ಎನ್ನುತ್ತಾರೆ, ಬಸ್ ನಿಲ್ದಾಣದ ಹೂವಿನಂಗಡಿಯಲ್ಲಿ ರೋಜಾ ಎನ್ನುತ್ತಾರೆ. ಸಂಸ್ಕೃತದಲ್ಲಿ ಶತಪತ್ರೀ, ಸೇವತೀ ಎಂಬ ಹೆಸರುಗಳಿವೆ. ಹಿಂದಿಯಲ್ಲಿ ಈಗಲೂ ಸೇವತಿ ಎಂದರೆ ಬಿಳಿ ಗುಲಾಬಿ. ನಮ್ಮಲ್ಲಿ ಮಾತ್ರ ಸೇವಂತಿಗೆ ಎಂದರೆ ಬೇರೆಯೇ ಹೂವು. ಹೂವುಗಳು ಊರು ಬದಲಾಯಿಸಿದಂತೆ ಹೆಸರುಗಳೂ ಮನೆ ಬದಲಾಯಿಸುತ್ತವೆ.

1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್, ಈ ಊರಿನಲ್ಲಿ ಎಲ್ಲಿ ನೋಡಿದರೂ ಗುಲಾಬಿ ಮಾರುತ್ತಾರೆ, ಇಲ್ಲಿಯವರಿಗೆ ಅನ್ನ ಎಷ್ಟು ಮುಖ್ಯವೋ ಗುಲಾಬಿಯೂ ಅಷ್ಟೇ ಮುಖ್ಯ ಎಂಬ ಅರ್ಥದಲ್ಲಿ ಬರೆದಿದ್ದಾನೆ. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಬೆಂಗಳೂರಿನ ಲಾಲ್‌ಬಾಗ್ ನೋಡಿದಾಗ, ಹೈದರಾಲಿ ಮತ್ತು ಟಿಪ್ಪುವಿನ ಆ ತೋಟದಲ್ಲಿ ಒಂದೊಂದು ಚೌಕಕ್ಕೆ ಒಂದೊಂದೇ ಜಾತಿಯ ಗಿಡವಿತ್ತು. ಒಂದು ಚೌಕದ ತುಂಬ ಗುಲಾಬಿ, ಇನ್ನೊಂದರ ತುಂಬ ದಾಳಿಂಬೆ. ಆಗ ಹೊಸೂರಿನಿಂದ ಎತ್ತಿನ ಗಾಡಿ ಕಟ್ಟಿದರೆ ಒಂದು ದಿನದ ದಾರಿ. ಹಾಗಾಗಿ ಗುಲಾಬಿ ನಮ್ಮ ಸೀಮೆಗೆ ಬ್ರಿಟಿಷರು ತಂದುಕೊಟ್ಟ ವರ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಆದರೆ ಬ್ರಿಟಿಷರ ಹಡಗುಗಳು ಒಂದು ದೊಡ್ಡ ಕೆಲಸ ಮಾಡಿದವು ಎನ್ನುವುದೂ ನಿಜ. ಯುರೋಪಿನ ಹಳೆಯ ಗುಲಾಬಿಗಳಲ್ಲಿ ಹೆಚ್ಚಿನವು ವರ್ಷಕ್ಕೊಮ್ಮೆ ಹೂ ಬಿಟ್ಟು ಸುಮ್ಮನಾಗುತ್ತಿದ್ದವು. ಚೀನಾದ ತೋಟಗಾರರ ಬಳಿ ಮಾತ್ರ ತಿಂಗಳು ತಿಂಗಳೂ ಹೂ ಬಿಡುವ ಗುಲಾಬಿಗಳಿದ್ದವು, ಶತಮಾನಗಳ ಕಾಲ ಆರಿಸಿ ಆರಿಸಿ ಬೆಳೆಸಿದವು. 1790ರ ಸುಮಾರಿನಿಂದ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಅವು ಪಶ್ಚಿಮಕ್ಕೆ ಹೊರಟವು. ದಾರಿಯಲ್ಲಿ ತಂಗುದಾಣ ಕಲ್ಕತ್ತದ ಸಸ್ಯೋದ್ಯಾನ. ತಿಂಗಳುಗಟ್ಟಲೆ ಉಪ್ಪುಗಾಳಿ ಕುಡಿದು ಬಾಡಿದ ಗಿಡಗಳು ಅಲ್ಲಿ ಚೇತರಿಸಿಕೊಂಡು ಮತ್ತೆ ಹಡಗು ಹತ್ತುತ್ತಿದ್ದವು. ಫ್ರಾನ್ಸಿನವರು ಚೀನಾದ ಈ ಗುಲಾಬಿಯನ್ನು 'ಬಂಗಾಳದ ಗುಲಾಬಿ' ಎಂದು ಕರೆದುಬಿಟ್ಟರು. ಹುಟ್ಟೂರು ಒಂದು, ಹೆಸರು ಬಸ್ ಬದಲಿಸಿದ ಊರಿನದು.

ತಿಂಗಳು ತಿಂಗಳೂ ಹೂ ಬಿಡುವುದು ಹೇಗೆ ಎಂಬುದರ ಗುಟ್ಟು ತಿಳಿದದ್ದು ತೀರಾ ಈಚೆಗೆ, 2012ರ ಸಂಶೋಧನೆಯಿಂದ. ಗುಲಾಬಿಯಲ್ಲಿ 'ಈಗ ಹೂ ಬೇಡ, ರೆಂಬೆ ಬೆಳೆಸು' ಎಂದು ತಡೆಯುವ ಒಂದು ವಂಶವಾಹಿ ಇದೆ. ಚೀನಾ ಗುಲಾಬಿಯಲ್ಲಿ ಎಲ್ಲಿಂದಲೋ ಜಿಗಿದು ಬಂದ ಡಿಎನ್‌ಎ ತುಣುಕೊಂದು ಅದರ ನಡುವೆ ಸಿಕ್ಕಿಕೊಂಡು ಆ ತಡೆಯನ್ನೇ ಕೆಡಿಸಿದೆ. ಹಾಗಾಗಿ ಚಿಗುರಿದ ರೆಂಬೆಗಳೆಲ್ಲ ಹೂವಿನಲ್ಲಿ ಮುಗಿಯುತ್ತವೆ, ಗಿಡ ಕುಳ್ಳಗೆ ಉಳಿಯುತ್ತದೆ. ಯಾವಾಗಲಾದರೂ ಆ ತುಣುಕಿನ ಬಹುಭಾಗ ಕಳಚಿ ಬಿದ್ದರೆ ತಡೆ ಮತ್ತೆ ಕೆಲಸ ಮಾಡತೊಡಗುತ್ತದೆ. ಆಗ ಅದೇ ಕುಳ್ಳ ಗಿಡದಿಂದ ಇದ್ದಕ್ಕಿದ್ದಂತೆ ಹತ್ತು ಅಡಿ ಉದ್ದದ ರೆಂಬೆ ಹೊರಟು, ಅದು ಬಳ್ಳಿಯಾಗುತ್ತದೆ, ಹೂವು ಕಡಿಮೆಯಾಗುತ್ತದೆ. 'ನಮ್ಮ ಗುಲಾಬಿ ಬರೀ ಎತ್ತರಕ್ಕೆ ಹೋಗ್ತಿದೆ, ಹೂವೇ ಇಲ್ಲ' ಎಂದು ಎಷ್ಟೋ ಪೋಷಕರು ಹೇಳುವುದನ್ನು ಕೇಳಿದ್ದೇವೆ. ಕೆಲವೊಮ್ಮೆ ಕಾರಣ ಗೊಬ್ಬರವಲ್ಲ, ಇದೇ. ಎತ್ತರವೂ ಬೇಕು, ಹೂವೂ ಬೇಕು ಎಂದರೆ ಗಿಡಕ್ಕೆ ಅದು ಸುಲಭದ ಮಾತಲ್ಲ. ಬಳ್ಳಿ ಗುಲಾಬಿಯ ಇನ್ನೂರು ವರ್ಷದ ಚರಿತ್ರೆ ಈ ಎರಡನ್ನೂ ಒಟ್ಟಿಗೆ ಪಡೆಯಲು ಪಟ್ಟ ಪಾಡು ಎಂದರೂ ಸರಿಯೇ.

ಮೊದಲ ಗೆಲುವು ಸೆಕೆಯ ಊರಿನಲ್ಲೇ ಸಿಕ್ಕಿತು ಎನ್ನುವುದನ್ನು ಗಮನಿಸಿ. ಅಮೆರಿಕದ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್‌ನಲ್ಲಿ ಜಾನ್ ಚಾಂಪ್ನೀಸ್ ಎಂಬ ಭತ್ತದ ಜಮೀನ್ದಾರನ ತೋಟದಲ್ಲಿ, 1800ರ ದಶಕದ ಮೊದಲ ವರ್ಷಗಳಲ್ಲಿ, ಚೀನಾ ಗುಲಾಬಿಗೂ ಹಬ್ಬುವ ಕಸ್ತೂರಿ ಗುಲಾಬಿಗೂ ಕೂಡಿ ಒಂದು ಗೊಂಚಲು ಗುಲಾಬಿ ಹುಟ್ಟಿತು. (ಆ ಕಾಲದ ಅಲ್ಲಿನ ಭತ್ತದ ಗದ್ದೆಗಳಲ್ಲಿ ದುಡಿಯುತ್ತಿದ್ದವರು ಆಫ್ರಿಕಾದಿಂದ ತಂದ ಗುಲಾಮರು ಎಂಬುದನ್ನು ಮಕ್ಕಳಿಗೆ ಹೇಳದೆ ಈ ಪಾಠ ಮುಗಿಸಬಾರದು.) ಅಲ್ಲಿಯೇ ನೆಲೆಸಿದ್ದ ಫಿಲಿಪ್ ನ್ವಾಸೆಟ್ ಅದರಿಂದ ಇನ್ನೊಂದು ತಳಿ ಬೆಳೆಸಿ ಪ್ಯಾರಿಸ್ಸಿನ ತಮ್ಮ ಅಣ್ಣತಮ್ಮಂದಿರ ಮನೆಗೆ ಕಳಿಸಿದ. ಇಡೀ ಗುಂಪಿಗೆ ನ್ವಾಸೆಟ್ ಎಂದೇ ಹೆಸರಾಯಿತು. ಇದೇ ಸಂತತಿಯ, 1864ರ ಹಳದಿ ಬಳ್ಳಿ 'ಮಾರೆಷಾಲ್ ನೀಲ್' ಬ್ರಿಟಿಷರ ಕಾಲದ ಇಂಡಿಯಾದ ಬಂಗಲೆಗಳಲ್ಲಿ ಬಲು ಮೆಚ್ಚಿನ ಗುಲಾಬಿಯಾಗಿತ್ತು.

ಎರಡನೆಯ ಕಥೆ ನಮ್ಮ ಸಂತೆಗೇ ಬಂದು ಸೇರುತ್ತದೆ. ಹಿಂದೂ ಮಹಾಸಾಗರದ ನಡುವೆ ಬೂರ್ಬೊನ್ ಎಂಬ ಫ್ರೆಂಚ್ ದ್ವೀಪ. ಇಂದಿನ ಹೆಸರು ರೆಯೂನಿಯನ್. ಅಲ್ಲಿಯ ರೈತರು ಹೊಲದ ಬೇಲಿಗೆ ಗುಲಾಬಿ ಹಾಕುತ್ತಿದ್ದರು, ನಮ್ಮಲ್ಲಿ ಕತ್ತಾಳೆ ಹಾಕುವ ಹಾಗೆ. ಒಂದು ಸಾಲು ಚೀನಾ ಗುಲಾಬಿ, ಒಂದು ಸಾಲು ಡಮಾಸ್ಕಸ್ ಗುಲಾಬಿ. ಎರಡರ ಪರಾಗ ಬೆರೆತು, ಯಾರೂ ಕೈಹಾಕದೆಯೇ, ಬೇಲಿಯಲ್ಲಿ ಹೊಸದೊಂದು ಗಿಡ ಹುಟ್ಟಿತು. 1817ರಲ್ಲಿ ಅಲ್ಲಿಗೆ ಬಂದ ಬ್ರೆಯೋನ್ ಎಂಬ ಸಸ್ಯಶಾಸ್ತ್ರಜ್ಞ ಅದನ್ನು ಗುರುತಿಸಿ ಬೀಜವನ್ನು ಫ್ರಾನ್ಸಿಗೆ ಕಳಿಸಿದ. ಅದಕ್ಕೆ 'ರೋಸ್ ಎದುವಾರ್' ಎಂದು ಹೆಸರು. ಜಮೀನಿನ ಒಡೆಯನ ಹೆಸರದು ಎನ್ನುತ್ತಾರೆ. ನಮ್ಮ ಕಡೆ ಎಡ್ವರ್ಡ್ ರೋಸ್, ಪನ್ನೀರ್ ರೋಸ್ ಎಂದು ಕೇಳಿ ಕೊಳ್ಳುವ ನಸುಗೆಂಪು ಬಿಡಿಹೂವು ಇದೇ ಎದುವಾರ್! ಎಡ್ವರ್ಡ್ ದೊರೆಯ ಹೆಸರು ಎಂದುಕೊಂಡಿದ್ದವರು ತಿದ್ದಿಕೊಳ್ಳಬಹುದು. ಉತ್ತರ ಭಾರತದಲ್ಲಿ ಇದರ ಬುಡಕ್ಕೆ ಬೇರೆ ಗುಲಾಬಿಯ ಕಣ್ಣು ಕಸಿ ಮಾಡುವುದೂ ಉಂಟು. ಹೂ ಹಾರಕ್ಕೆ ಬರುತ್ತದೆ, ಗುಲ್ಕಂದಿಗೆ ಬರುತ್ತದೆ, ಕಡ್ಡಿ ಚುಚ್ಚಿದರೆ ಬದುಕುತ್ತದೆ, ಯಾರ ಅಪ್ಪಣೆಯೂ ಬೇಕಿಲ್ಲ. ಬೇಲಿಯಲ್ಲಿ ಹುಟ್ಟಿ ಬೇಲಿಯಲ್ಲೇ ಉಳಿದ ಹೂವು.

ಇಲ್ಲಿಂದ ಮುಂದೆ ಚರಿತ್ರೆ ಚಳಿಯ ದೇಶಗಳ ಕಡೆಗೆ ವಾಲುತ್ತದೆ. ಜಪಾನಿನಿಂದ 1878ರಲ್ಲಿ ಸ್ಕಾಟ್ಲೆಂಡಿಗೆ ಹೋದ ಒಂದು ಕೆಂಪು ಬಳ್ಳಿ 1893ರಲ್ಲಿ 'ಕ್ರಿಮ್ಸನ್ ರ‍್ಯಾಂಬ್ಲರ್' ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂತು. 1901ರಲ್ಲಿ ಅಮೆರಿಕದ 'ಡೊರೊತಿ ಪರ್ಕಿನ್ಸ್'. ಆಮೇಲೆ ವಾಲ್ಟರ್ ವಾನ್ ಫ್ಲೀಟ್. ಇವರು ಡಾಕ್ಟರಿಕೆ ಬಿಟ್ಟು ಗಿಡಗಳ ಹಿಂದೆ ಬಿದ್ದವರು. ಅವರ ಬಳ್ಳಿ ಗುಲಾಬಿ 1910ರಲ್ಲಿ ಅವರದೇ ಹೆಸರಿನಲ್ಲಿ ಬಂತು. ಹಿಮಕ್ಕೆ ಅಂಜದ್ದು, ಆದರೆ ವರ್ಷಕ್ಕೊಮ್ಮೆ ಮಾತ್ರ ಹೂ. ನ್ಯೂಜೆರ್ಸಿಯ ಒಂದು ನರ್ಸರಿಯಲ್ಲಿ ಈ ತಳಿಯ ಒಂದು ಗಿಡ ತಾನಾಗಿಯೇ ಮಾರ್ಪಟ್ಟು, ಋತುವಿಡೀ ಹೂ ಬಿಡತೊಡಗಿತು. ಅದಕ್ಕೆ 'ನ್ಯೂ ಡಾನ್' ಎಂದು ಹೆಸರಿಟ್ಟು 1930ರಲ್ಲಿ ಹೊರತಂದರು. ಅದೇ ವರ್ಷ ಅಮೆರಿಕದಲ್ಲಿ ಸಸ್ಯಗಳಿಗೂ ಪೇಟೆಂಟ್ ಕೊಡುವ ಕಾಯ್ದೆ ಬಂದಿತ್ತು. 1931ರ ಆಗಸ್ಟ್ 18ರಂದು ಹೆನ್ರಿ ಬೋಸೆನ್‌ಬರ್ಗ್ ಅವರಿಗೆ ಜಗತ್ತಿನ ಮೊದಲ ಸಸ್ಯ ಪೇಟೆಂಟ್ ಸಿಕ್ಕಿತು. ಸಿಕ್ಕಿದ್ದು ಈ ಬಳ್ಳಿ ಗುಲಾಬಿಗೆ!

ಇಲ್ಲಿ ಸ್ವಲ್ಪ ನಿಲ್ಲೋಣ. ಬೂರ್ಬೊನ್ ದ್ವೀಪದ ಬೇಲಿಯಲ್ಲಿ ಗಿಡ ತಾನೇ ಹುಟ್ಟಿತು, ಯಾರೋ ಗಮನಿಸಿದರು, ಲೋಕಕ್ಕೆಲ್ಲ ಹಂಚಿಹೋಯಿತು. ನ್ಯೂಜೆರ್ಸಿಯಲ್ಲೂ ಗಿಡ ತಾನೇ ಬದಲಾಯಿತು, ಯಾರೋ ಗಮನಿಸಿದರು, ಒಡೆತನ ಹುಟ್ಟಿತು. ಗಮನಿಸುವುದೂ ಒಂದು ದುಡಿಮೆಯೇ, ಅದಕ್ಕೆ ಫಲ ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಅಂದಿನಿಂದ 'ಕಡ್ಡಿ ಕೊಡಿ' ಎಂಬ ಮಾತಿನ ಅರ್ಥ ಬದಲಾಯಿತು. ನಮ್ಮ ಹೊಸೂರಿನ ಪಾಲಿಹೌಸುಗಳಲ್ಲಿ ದುಡಿಯುವ ತಂದೆತಾಯಿಗಳ ಮಕ್ಕಳು ನಮ್ಮ ತರಗತಿಗಳಲ್ಲಿ ಇದ್ದಾರೆ. ಹಡಗು, ವಿಮಾನಗಳಲ್ಲಿ ಹೊರಗೆ ಹೋಗುವ ಗುಲಾಬಿಗಳಲ್ಲಿ ಹಲವು ತಳಿಗಳಿಗೆ ಗಿಡಕ್ಕಿಷ್ಟೆಂದು ವಿದೇಶದ ತಳಿಗಾರರಿಗೆ ರಾಯಧನ ಕಟ್ಟಬೇಕು. ನಮ್ಮ ದೇಶದ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ತಳಿಗಾರನ ಹಕ್ಕನ್ನೂ ರೈತನ ಹಕ್ಕನ್ನೂ ಒಂದೇ ಪುಸ್ತಕದಲ್ಲಿ ಬರೆದಿರುವುದು ಸಣ್ಣ ವಿಷಯವಲ್ಲ. (ಅಂದ ಹಾಗೆ, ಲಿಟಲ್ ಇಂಗ್ಲೆಂಡ್ ಎಂದು ಕರೆಸಿಕೊಳ್ಳುವ, ಗುಲಾಬಿಗೆ ಒಗ್ಗುವ ತಂಪಿನ ನಮ್ಮ ಪಕ್ಕದ ಊರಿನ ಹೆಸರೇ ತಳಿ. ಕನ್ನಡ ಬಲ್ಲವರು ಮಾತ್ರ ಇದಕ್ಕೆ ನಗಬಹುದು.)

ಚಳಿಯ ದಾರಿಯ ತುದಿ ಕೆನಡಾ. ಒಟ್ಟಾವದ ಕೇಂದ್ರ ಪ್ರಾಯೋಗಿಕ ಕ್ಷೇತ್ರದಲ್ಲಿ ಫೆಲಿಸಿಟಾಸ್ ಸ್ವೇಡಾ ಎಂಬ ವಿಜ್ಞಾನಿ ಗುಲಾಬಿಗಳನ್ನು ಹೊದಿಕೆಯಿಲ್ಲದೆ ಹಿಮದಲ್ಲಿ ನಿಲ್ಲಿಸಿ, ಉಳಿದವನ್ನೇ ಆರಿಸಿದರು. 'ಜಾನ್ ಕ್ಯಾಬಟ್' 1978ರಲ್ಲಿ, 'ವಿಲಿಯಂ ಬ್ಯಾಫಿನ್' 1983ರಲ್ಲಿ ಬಂದವು. ಸೊನ್ನೆಗಿಂತ 35 ಡಿಗ್ರಿ ಕೆಳಗಿನ ಚಳಿಯಲ್ಲೂ ಬದುಕುವ ಬಳ್ಳಿಗಳು. ಹಾರ್ಡಿ ಎಂಬ ಮಾತಿಗೆ ತೋಟಗಾರಿಕೆಯಲ್ಲಿ ನಿಂತ ಅರ್ಥ ಇದು, ಚಳಿಗೆ ಗಟ್ಟಿ. ಅದ್ಭುತವಾದ ಕೆಲಸ, ಸಂದೇಹವಿಲ್ಲ. ಆದರೆ ನಮ್ಮ ಗೇಟಿನ ಕಮಾನಿಗೆ ಬೇಕಾದದ್ದು ಏಪ್ರಿಲ್ ತಿಂಗಳ ಬಿಸಿಲು, ಜುಲೈ ತಿಂಗಳ ಜಡಿ ತರುವ ಕಪ್ಪು ಚುಕ್ಕೆ ರೋಗ, ಡಿಸೆಂಬರಿನ ಮಂಜು ತರುವ ಬೂದಿ ರೋಗ, ಇವಕ್ಕೆ ಗಟ್ಟಿ. ಹುಡುಗಿ ಕೇಳಿದ್ದು ಸರಿಯಾದ ಪ್ರಶ್ನೆಯೇ.

ಬಿಸಿಲಿಗೆ ಗಟ್ಟಿಯಾದ ಬಳ್ಳಿಯ ತಾಯಿಬೇರು ಹುಡುಕಲು ದೂರ ಹೋಗಬೇಕಿಲ್ಲ, ನಮ್ಮ ದೇಶದಲ್ಲೇ ಇದೆ. 1882ರ ಸುಮಾರಿಗೆ ಮಣಿಪುರದ ಗಡಿಯ ಸರ್ವೆಗೆ ಹೋದ ಜಾರ್ಜ್ ವಾಟ್ ಅಲ್ಲಿಯ ಬೆಟ್ಟದಲ್ಲಿ, ಮರಗಳ ನೆತ್ತಿಗೇ ಏರಿ ಅಂಗೈಯಗಲದ ಕೆನೆಬಣ್ಣದ ಹೂ ಬಿಟ್ಟ ಕಾಡುಗುಲಾಬಿ ಕಂಡರು. 1888ರಲ್ಲಿ ಹೆನ್ರಿ ಕಾಲೆಟ್ ಬರ್ಮಾದ ಶಾನ್ ಬೆಟ್ಟಗಳಲ್ಲಿ ಅದನ್ನೇ ಕಂಡರು. ಶಾಸ್ತ್ರೀಯ ಹೆಸರು ರೋಸಾ ಜೈಗಾಂಟಿಯಾ, ದೈತ್ಯ ಗುಲಾಬಿ. ಚೀನಾದ ಚಹಾಗಂಧದ ಗುಲಾಬಿಗಳ ಮೂಲಕ ಇಂದಿನ ಅಂಗಡಿ ಗುಲಾಬಿಗಳಲ್ಲೆಲ್ಲ ಇದರ ರಕ್ತ ಹರಿದಿದೆ. ಅದನ್ನು ನೇರವಾಗಿ ಬಳಸಿದವರು ಸೆಕೆಯ ನಾಡಿನವರೇ: ಲಿಸ್ಬನ್ನಿನಲ್ಲಿ ಹೆನ್ರಿ ಕಾಯೋ, 1903ರ 'ಬೆಲ್ ಪೋರ್ತುಗೇಸ್', ಆಸ್ಟ್ರೇಲಿಯಾದಲ್ಲಿ ಅಲಿಸ್ಟರ್ ಕ್ಲಾರ್ಕ್, 1937ರ 'ನ್ಯಾನ್ಸಿ ಹೇವರ್ಡ್'. ನಮ್ಮ ಗಿಡ ಪರದೇಶದಲ್ಲಿ ಮಕ್ಕಳನ್ನು ಹೆತ್ತಿತು, ತವರಿನಲ್ಲಿ ಬಹುಕಾಲ ಯಾರೂ ಕೇಳಲಿಲ್ಲ.

ಕೇಳಿದವರು ತಮಿಳುನಾಡಿನ ಕೊಡೈಕನಾಲಿನಲ್ಲಿ ನೆಲೆಸಿದ ವೀರರಾಘವನ್ ದಂಪತಿಗಳು. ಐಎಎಸ್ ಅಧಿಕಾರಿಯಾಗಿದ್ದ ಎಂ.ಎಸ್. ವೀರರಾಘವನ್ ಅವಧಿಗೆ ಮುಂಚೆಯೇ ನಿವೃತ್ತಿ ಪಡೆದು ಪತ್ನಿ ಗಿರಿಜಾ ಅವರೊಡನೆ ಗುಲಾಬಿಯ ಕೆಲಸಕ್ಕೆ ಇಳಿದರು. ಅವರ ವಾದ ಸರಳ: ಯುರೋಪಿನ ಗುಲಾಬಿಗೆ ಚಳಿ ತಡೆಯುವ ಕಾಡುಗುಲಾಬಿಯನ್ನು ಬೆರೆಸಿದ್ದು ಸಾಕು, ಬಿಸಿಲಿನ ನಾಡಿಗೆ ಬಿಸಿಲಿನ ಕಾಡುಗುಲಾಬಿಯೇ ಬೇಕು. 1990ರ ಸುಮಾರಿಗೆ ಮಣಿಪುರದ ಶಿರುಯಿ ಬೆಟ್ಟ ಹತ್ತಿ ದೈತ್ಯ ಗುಲಾಬಿಯನ್ನು ಹುಡುಕಿ ತಂದರು. ಅದರ ಜೊತೆಗೆ ಬಂಗಾಳದ ಕಡೆ ನೀರಿನ ಅಂಚಿನಲ್ಲಿ, ನೆರೆಯಲ್ಲೂ ಬಿರುಬಿಸಿಲಲ್ಲೂ ಬದುಕುವ ರೋಸಾ ಕ್ಲೈನೋಫಿಲ್ಲಾ ಎಂಬುದನ್ನೂ ಬಳಸಿದರು. 'ಮಣಿಪುರ್ ಮ್ಯಾಜಿಕ್', 'ಸರ್ ಜಾರ್ಜ್ ವಾಟ್', ಸರೋಜಿನಿ ನಾಯ್ಡು ಅವರ ಕವನ ಸಂಕಲನದ ಹೆಸರಿನ 'ಗೋಲ್ಡನ್ ತ್ರೆಶೋಲ್ಡ್', ಇವು ಅವರ ತಳಿಗಳು. ಈಚಿನ ವರ್ಷಗಳಲ್ಲಿ ಒಂದು ಹಳದಿ ಗುಲಾಬಿಗೆ ತಲಶ್ಶೇರಿಯಲ್ಲಿ ಹುಟ್ಟಿದ ಸಸ್ಯವಿಜ್ಞಾನಿ ಇ.ಕೆ. ಜಾನಕಿ ಅಮ್ಮಾಳ್ ಅವರ ಹೆಸರಿಟ್ಟರು. ಹೆಣ್ಣುಮಕ್ಕಳು ಹೆಚ್ಚಿರುವ ನಮ್ಮ ತರಗತಿಗಳಲ್ಲಿ ಈ ಹೆಸರು ಹೇಳಲೇಬೇಕಾದದ್ದು.

ಇನ್ನೂ ಹತ್ತಿರದ್ದು ನೀಲಗಿರಿಯದು. ಬಡಗರ ನುಡಿಗೂ ನಮ್ಮ ನುಡಿಗೂ ನಂಟಿರುವ ಆ ಬೆಟ್ಟಗಳಲ್ಲಿ, ಶೋಲಾ ಕಾಡಿನ ಅಂಚಿನಲ್ಲಿ, ಬಿಳಿ ಹೂವಿನ ಒಂದು ಕಾಡು ಬಳ್ಳಿ ಗುಲಾಬಿ ಇದೆ. 1819ರಲ್ಲಿ ಕೊಯಮತ್ತೂರು ಕಲೆಕ್ಟರ್ ಜಾನ್ ಸಲಿವನ್ ನೀಲಗಿರಿ ಹತ್ತಿದ ಕಾಲದಲ್ಲೇ ಪುದುಚೇರಿಯಿಂದ ಫ್ರೆಂಚ್ ಸಸ್ಯಶಾಸ್ತ್ರಜ್ಞ ಲೆಶೆನೋ ಕೂಡ ಅಲ್ಲಿಗೆ ಬಂದಿದ್ದರು. ಅವರು ಕಳಿಸಿದ ಗಿಡದ ಮಾದರಿ ಪ್ಯಾರಿಸ್ ಸೇರಿ, ಹೂಗಳ ಚಿತ್ರಕಾರ ರೆದುತೆ 1817ರಿಂದ 1824ರವರೆಗೆ ಹೊರತಂದ ಪ್ರಸಿದ್ಧ ಗುಲಾಬಿ ಪುಸ್ತಕದಲ್ಲಿ ಚಿತ್ರವಾಯಿತು. 1834ರಲ್ಲಿ ಮದರಾಸಿನ ವೈದ್ಯ ರಾಬರ್ಟ್ ವೈಟ್ ಮತ್ತು ಆರ್ನಾಟ್ ಅದಕ್ಕೆ ರೋಸಾ ಲೆಶೆನೋಲ್ಟಿಯಾನಾ ಎಂದು ಪ್ರತ್ಯೇಕ ಸ್ಥಾನ ಕೊಟ್ಟರು. ಊಟಿಯ ಎಲ್ಕ್ ಬೆಟ್ಟದ ಇಳಿಜಾರಿನಲ್ಲಿ 1995ರಲ್ಲಿ ಆದ ಸರಕಾರಿ ಗುಲಾಬಿ ತೋಟಕ್ಕೆ 2006ರಲ್ಲಿ ಜಾಗತಿಕ ಗುಲಾಬಿ ಸಂಘಗಳ ಒಕ್ಕೂಟದ ಪ್ರಶಸ್ತಿ ಬಂತು. ಪ್ರವಾಸಕ್ಕೆ ಹೋದ ನಮ್ಮ ಮಕ್ಕಳೆಲ್ಲ ಅಲ್ಲಿ ಫೋಟೋ ತೆಗೆಸಿಕೊಂಡಿದ್ದಾರೆ. ಅದೇ ಬೆಟ್ಟಗಳ ಸ್ವಂತ ಗುಲಾಬಿಯ ಹೆಸರು ಕೇಳಿದರೆ ಮೇಷ್ಟ್ರುಗಳಿಗೂ ತಿಳಿಯದು. ಶೋಲಾ ಉಳಿದರೆ ಅದು ಉಳಿಯುತ್ತದೆ. ಅದನ್ನು ಕಿತ್ತು ತಂದು ಹೊಸೂರಿನಲ್ಲಿ ನೆಡುವುದು ಮಾತ್ರ ಬೇಡ, ಅದು ಎತ್ತರದ ತಂಪಿನ ಗಿಡ.

ಹಾಗಾದರೆ ಕಮಾನಿಗೆ ಏನು ಹಾಕೋಣ? ಚೀನಾ, ಚಹಾಗಂಧ, ನ್ವಾಸೆಟ್ ಸಂತತಿಯ ಬಳ್ಳಿ ಸಿಕ್ಕರೆ ಮೊದಲ ಆಯ್ಕೆ ಅದು. ಸಿಗದಿದ್ದರೆ ಊರಲ್ಲಿ ಹತ್ತಾರು ವರ್ಷಗಳಿಂದ ಮದ್ದಿಲ್ಲದೆ ಬೆಳೆದಿರುವ ಹಳೆಯ ಬಳ್ಳಿ ಯಾರ ಮನೆಯಲ್ಲಿದೆ ನೋಡಿ, ಅಲ್ಲಿಂದ ಕಡ್ಡಿ ತನ್ನಿ. ನಮ್ಮ ಬಿಸಿಲಿಗೆ ಗಟ್ಟಿ ಎನ್ನಲು ಅದಕ್ಕಿಂತ ದೊಡ್ಡ ಚೀಟಿ ಬೇಕಿಲ್ಲ. ದಿನಕ್ಕೆ ಆರು ಗಂಟೆ ಬಿಸಿಲು ಬೀಳುವ ಜಾಗ, ಒಂದೂವರೆ ಅಡಿ ಗುಂಡಿ, ಕೆಮ್ಮಣ್ಣು, ಹಳೆಯ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ. ಮೊದಲ ಎರಡು ವರ್ಷ ಕತ್ತರಿ ಮುಟ್ಟಿಸಬೇಡಿ. ಒಣಗಿದ್ದು ಮಾತ್ರ ತೆಗೆಯಿರಿ. ರೆಂಬೆಯನ್ನು ನೆಟ್ಟಗೆ ಮೇಲಕ್ಕೆ ಬಿಟ್ಟರೆ ತುದಿಯಲ್ಲಷ್ಟೇ ಹೂ. ಅದನ್ನೇ ಅಡ್ಡಕ್ಕೆ ಬಾಗಿಸಿ ಕಟ್ಟಿದರೆ ತುದಿಯ ಜೋರು ತಗ್ಗಿ ಪ್ರತಿ ಗೆಣ್ಣಿನಲ್ಲೂ ಕವಲೊಡೆದು ಹೂ ಬರುತ್ತದೆ. ಎಂಟನೇ ತರಗತಿಯ ವಿಜ್ಞಾನದವರು ಇದನ್ನು ಎರಡು ರೆಂಬೆಗಳಲ್ಲಿ ಹೋಲಿಸಿ ಎಣಿಸಬಹುದು. ಕಸಿ ಗಿಡವಾದರೆ ಕಸಿಯ ಗಂಟಿನ ಕೆಳಗಿನಿಂದ ಬರುವ ಚಿಗುರನ್ನು ಬುಡಸಮೇತ ಕಿತ್ತುಹಾಕಿ, ಇಲ್ಲದಿದ್ದರೆ ಬೇರುಗಿಡವೇ ಮನೆಯೊಡೆಯನಾಗುತ್ತದೆ. ಮೂರು ನಾಲ್ಕು ವರ್ಷವಾದ ಮುದಿ ರೆಂಬೆಯನ್ನು ದಸರೆಯ ಆಸುಪಾಸಿನಲ್ಲಿ ಬುಡಕ್ಕೆ ಕತ್ತರಿಸಿ ಹೊಸದಕ್ಕೆ ದಾರಿ ಬಿಡಿ.

ಕಡ್ಡಿ ನೆಡಲು ಮಳೆ ಹಿಡಿದ ಮೇಲಿನ ಜೂನ್, ಜುಲೈ ಒಳ್ಳೆಯದು. ಪೆನ್ಸಿಲ್ ದಪ್ಪದ, ಒಂದು ಗೇಣುದ್ದದ, ಹೂ ಬಿಟ್ಟು ಮುಗಿದ ರೆಂಬೆ. ಕೆಳಗೆ ಓರೆಯಾಗಿ ಗೆಣ್ಣಿನಡಿ ಕತ್ತರಿಸಿ, ಮೂರರಲ್ಲಿ ಎರಡು ಪಾಲು ಮಣ್ಣಿನೊಳಗೆ. ಐದು ನೆಟ್ಟರೆ ಎರಡಾದರೂ ಚಿಗುರುತ್ತವೆ. ಚಿಗುರು ಕಂಡ ಕೂಡಲೆ ಬೇರು ಬಂತೆಂದು ಎಳೆದು ನೋಡುವ ಮಕ್ಕಳಿರುತ್ತಾರೆ, ಅವರ ಮೇಲೆ ಮಾತ್ರ ಒಂದು ಕಣ್ಣಿರಲಿ.